ಸಾರ್ವಜನಿಕ ಆರೋಗ್ಯದಲ್ಲಿ ಕೃತಕ ಬುದ್ಧಿಮತ್ತೆ: ಸರ್ಕಾರಿ ಕಾರ್ಯತಂತ್ರ ನಡೆದು ಬಂದ ಹಾದಿ

ಭಾರತದ ಸಾರ್ವಜನಿಕ ಆರೋಗ್ಯ ಸೇವೆಯಲ್ಲಿ ಕೃತಕ ಬುದ್ಧಿಮತ್ತೆಯನ್ನು ಬಳಸುವ ಸರ್ಕಾರಿ ಕಾರ್ಯತಂತ್ರ 2018ರ ಜೂನ್‌ನಲ್ಲಿ ಬಂದ ನೀತಿ ಆಯೋಗದ ಚರ್ಚಾ ಪತ್ರದಿಂದ ಶುರುವಾಯಿತೆಂದು ಹೇಳುವುದು ಈಗ ರೂಢಿಯಾಗಿದೆ. ಇದು ಅರ್ಧ ಸತ್ಯ. ಯಂತ್ರ ಕಲಿಯುವುದು ಮಾಹಿತಿಯಿಂದ. ಆ ಮಾಹಿತಿಯನ್ನು ಕಲೆಹಾಕುವ ಸರ್ಕಾರಿ ಪ್ರಯತ್ನ ಬಹಳ ಹಳೆಯದು.

1986ರಲ್ಲಿ ಕೇಂದ್ರ ಎಲೆಕ್ಟ್ರಾನಿಕ್ಸ್ ಇಲಾಖೆ ವಿಶ್ವಸಂಸ್ಥೆಯ ನೆರವಿನಿಂದ ಜ್ಞಾನಾಧಾರಿತ ಕಂಪ್ಯೂಟರ್ ವ್ಯವಸ್ಥೆಗಳ ಸಂಶೋಧನೆಗೆ ಕೈಹಾಕಿತು. ಈ ಶತಮಾನದ ಆರಂಭದಲ್ಲಿ ಇಸ್ರೋ ಉಪಗ್ರಹದ ಮೂಲಕ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯನ್ನು ಬೆಂಗಳೂರಿನ ಹೃದ್ರೋಗ ತಜ್ಞರೊಂದಿಗೆ ಜೋಡಿಸಿತು.

ಆದರೆ ಮಾಹಿತಿಯ ನಿಜವಾದ ಬುನಾದಿ ಬಿದ್ದದ್ದು ಆಮೇಲಿನ ಹತ್ತು ವರ್ಷಗಳಲ್ಲಿ. 2004ರಲ್ಲಿ ಸಮಗ್ರ ರೋಗ ಕಣ್ಗಾವಲು ಯೋಜನೆ, 2009ರಲ್ಲಿ ತಾಯಿ-ಮಗು ನಿಗಾ ವ್ಯವಸ್ಥೆ, 2012ರಲ್ಲಿ ಕ್ಷಯರೋಗಿಗಳ ದಾಖಲಾತಿಗಾಗಿ 'ನಿಕ್ಷಯ್' ಬಂದವು. ಇವನ್ನು ಕಟ್ಟಿದವರ ಹೆಸರು ಇಂದಿನ ಸಮ್ಮೇಳನಗಳಲ್ಲಿ ಕೇಳಿಬರುವುದಿಲ್ಲ. ಆದರೆ ರೋಗಿಯೊಬ್ಬರ ಚಿಕಿತ್ಸೆಯನ್ನು ಆರಂಭದಿಂದ ಮುಗಿಯುವವರೆಗೆ ಹಿಂಬಾಲಿಸುವ ದಾಖಲೆ ದೇಶಕ್ಕೆ ದಕ್ಕಿದ್ದು ಅವರಿಂದ. ಚಿಕಿತ್ಸೆಯನ್ನು ನಡುವೆ ಬಿಡುವ ಸಾಧ್ಯತೆ ಯಾರಿಗೆ ಹೆಚ್ಚು ಎಂದು ಊಹಿಸುವ ಇಂದಿನ ತಂತ್ರಾಂಶ ನಿಂತಿರುವುದು ನಿಕ್ಷಯ್ ದಾಖಲೆಗಳ ಮೇಲೆಯೇ.

2016ರಲ್ಲಿ ಗೂಗಲ್ ಸಂಶೋಧಕರು ಮಧುಮೇಹದಿಂದ ಅಕ್ಷಿಪಟಲಕ್ಕಾಗುವ ಹಾನಿಯನ್ನು ಚಿತ್ರ ನೋಡಿಯೇ ಗುರುತಿಸುವ ವಿಧಾನವನ್ನು ಪ್ರಕಟಿಸಿದರು. ಅದಕ್ಕೆ ಚಿತ್ರ ಒದಗಿಸಿದ ಆಸ್ಪತ್ರೆಗಳಲ್ಲಿ ಭಾರತದವೂ ಇದ್ದವು. ನೀತಿ ಆಯೋಗದ ಪತ್ರಕ್ಕೆ ಇಂಥ ಚಿತ್ರಗಳ ಸೆಳೆತ ಜೋರಾಗಿತ್ತು: ಕಣ್ಣಿನ ತಪಾಸಣೆ, ಕ್ಯಾನ್ಸರ್ ಚಿತ್ರಗಳ ಭಂಡಾರ. ಅದು ಆರಿಸಿದ ಐದು ಕ್ಷೇತ್ರಗಳಲ್ಲಿ ಆರೋಗ್ಯವೂ ಒಂದು. ತಜ್ಞರ ಕೊರತೆಗೆ ಯಂತ್ರವೇ ಉತ್ತರ ಎಂಬ ನಂಬಿಕೆ ಅಲ್ಲಿಂದ ಬಲವಾಯಿತು.

ಕೋವಿಡ್ ಈ ಓಟಕ್ಕೆ ವೇಗ ಕೊಟ್ಟಿತು. 2020ರ ಮಾರ್ಚ್‌ನಲ್ಲಿ ಟೆಲಿಮೆಡಿಸಿನ್ ಮಾರ್ಗಸೂಚಿ ಬಂತು, ದೂರದಿಂದಲೇ ವೈದ್ಯರ ಸಲಹೆ ಕೊಡಿಸುವ 'ಇ-ಸಂಜೀವಿನಿ' ಮನೆಮಾತಾಯಿತು, 2021ರ ಸೆಪ್ಟೆಂಬರ್‌ನಲ್ಲಿ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ದೇಶವ್ಯಾಪಿಯಾಗಿ 14 ಅಂಕಿಯ ಆರೋಗ್ಯ ಗುರುತಿನ ಸಂಖ್ಯೆ (ಈಗಿನ 'ಆಭಾ') ಎಲ್ಲರಿಗೂ ಎಂದಾಯಿತು.

ಫಲ ಕಂಡದ್ದು ಮುಖ್ಯವಾಗಿ ಎರಡು ಕಡೆ, ಎರಡೂ ಹಳೆಯ ಕಾರ್ಯಕ್ರಮಗಳ ಒಳಗೇ. ಮೊದಲನೆಯದು ರೋಗ ಕಣ್ಗಾವಲು. ಕಲುಷಿತ ನೀರು ಕುಡಿದು ಊರಿನ ಹಲವರಿಗೆ ವಾಂತಿ-ಭೇದಿ ಎಂಬ ಸ್ಥಳೀಯ ಪತ್ರಿಕೆಯ ನಾಲ್ಕು ಸಾಲಿನ ಸುದ್ದಿಯಿಂದ ರೋಗ, ಸ್ಥಳ, ಅಸ್ವಸ್ಥರ ಸಂಖ್ಯೆಯನ್ನು ತಂತ್ರಾಂಶ ಹೆಕ್ಕಿ ತೆಗೆಯುತ್ತದೆ. ಕನ್ನಡವೂ ಸೇರಿ 13 ಭಾಷೆಗಳಲ್ಲಿ ಈ ಕೆಲಸ ನಡೆಯುತ್ತದೆ. ಆಮೇಲೆ ಅದನ್ನು ಪರಿಶೀಲಿಸುವುದು ಜಿಲ್ಲೆಯ ಸಿಬ್ಬಂದಿಯೇ. ಎರಡನೆಯದು ಕ್ಷಯ. 2024ರ ಡಿಸೆಂಬರ್‌ನಲ್ಲಿ 347 ಜಿಲ್ಲೆಗಳಲ್ಲಿ ಆರಂಭವಾದ ನೂರು ದಿನಗಳ ಅಭಿಯಾನದಲ್ಲಿ ಕೈಯಲ್ಲಿ ಹಿಡಿಯುವ ಎಕ್ಸ್‌ರೇ ಯಂತ್ರಗಳು ಹಳ್ಳಿಗಳಿಗೇ ಹೋದವು. ಇಂಥ ಶಿಬಿರದಲ್ಲಿ ಎದೆಯ ಚಿತ್ರವನ್ನು ತಂತ್ರಾಂಶ ಒಡನೆಯೇ ಓದಿ ಅನುಮಾನವಿದೆಯೇ ಎಂದು ಹೇಳುತ್ತದೆ. ಅನುಮಾನವಿದ್ದರೆ ಕಫದ ಮಾದರಿ ಪ್ರಯೋಗಾಲಯಕ್ಕೆ ಹೋಗಲೇಬೇಕು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಈ ಬಳಕೆಗೆ ಒಪ್ಪಿಗೆ ಕೊಟ್ಟದ್ದು 15 ವರ್ಷ ಮೇಲ್ಪಟ್ಟವರಿಗೆ ಮಾತ್ರ. ಮಕ್ಕಳ ಕ್ಷಯ, ಗುರುತಿಸಲು ಅತಿ ಕಷ್ಟವಾದದ್ದು, ಹೊರಗೇ ಉಳಿಯಿತು.

ನಿಯಮಗಳು ತಡವಾಗಿ, ಬಿಡಿಬಿಡಿಯಾಗಿ ಬಂದವು. ಆರೋಗ್ಯ ಮಾಹಿತಿಯ ರಕ್ಷಣೆಗೆಂದೇ 2018ರಲ್ಲಿ ಸಿದ್ಧವಾದ ಮಸೂದೆ ಕರಡಾಗಿಯೇ ಉಳಿಯಿತು. 2023ರ ದತ್ತಾಂಶ ರಕ್ಷಣಾ ಕಾಯ್ದೆ ಎಲ್ಲ ಕ್ಷೇತ್ರಗಳಿಗೂ ಸಾಮಾನ್ಯವಾದದ್ದು. 2020ರ ಏಪ್ರಿಲ್‌ನಿಂದ ತಂತ್ರಾಂಶವೂ ವೈದ್ಯಕೀಯ ಸಾಧನಗಳ ನಿಯಮದಡಿ ಬಂತು. 2023ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ನೈತಿಕ ಮಾರ್ಗಸೂಚಿ ಹೊರಡಿಸಿತು. ಈ ಸಾಲಿನ ಅತ್ಯುತ್ತಮ ದಾಖಲೆ ಅದೇ, ಆದರೆ ಅದಕ್ಕೆ ಕಾನೂನಿನ ಬಲವಿಲ್ಲ.

2024ರ ಮಾರ್ಚ್‌ನಲ್ಲಿ ಒಪ್ಪಿಗೆ ಪಡೆದ ಇಂಡಿಯಾ ಎಐ ಮಿಷನ್‌ನ ಸುಮಾರು 10,372 ಕೋಟಿ ರೂಪಾಯಿಯಲ್ಲಿ ಅತಿ ದೊಡ್ಡ ಪಾಲು ಗಣಕ ಸಾಮರ್ಥ್ಯಕ್ಕೆ ಮೀಸಲು. ಮಾಹಿತಿಯ ಮೂಲದತ್ತ ಅಷ್ಟು ಗಮನ ಹರಿದಿಲ್ಲ. ಆರೋಗ್ಯ ಉಪಕೇಂದ್ರದ ರಿಜಿಸ್ಟರಿನಲ್ಲಿ ಒಂದರ ಕೆಳಗೊಂದು 120/80, 130/80 ಎಂದೇ ರಕ್ತದೊತ್ತಡ ದಾಖಲಾಗಿದ್ದರೆ ಯಂತ್ರ ಕಲಿಯುವುದು ಆ ಬರವಣಿಗೆಯ ಅಭ್ಯಾಸವನ್ನು, ರೋಗವನ್ನಲ್ಲ. ಅದನ್ನು ಬರೆಯುವ ಆರೋಗ್ಯ ಸಹಾಯಕಿ (ಎಎನ್‌ಎಂ) ಅದೇ ಮಾಹಿತಿಯನ್ನು ಪುಸ್ತಕದಲ್ಲೂ ಪೋರ್ಟಲ್‌ನಲ್ಲೂ ತುಂಬಬೇಕು. ತಮ್ಮ ಪ್ರೋತ್ಸಾಹಧನವನ್ನು ಪೋರ್ಟಲ್ ದಾಖಲೆಗೆ ಜೋಡಿಸಿದ್ದರಿಂದ ಮಾಡಿದ ಕೆಲಸಕ್ಕೂ ಸಿಗುವ ಹಣಕ್ಕೂ ತಾಳೆಯಾಗುತ್ತಿಲ್ಲವೆಂಬುದು ಕರ್ನಾಟಕದ ಆಶಾ ಕಾರ್ಯಕರ್ತೆಯರ ಬಹುಕಾಲದ ದೂರು. ದಾಖಲೆ ಬರೆಯುವ ಸಮಯ, ತರಬೇತಿ ಮತ್ತು ಸಂಬಳದ ಲೆಕ್ಕವನ್ನು 2018ರ ಪತ್ರ ಹಾಕಲಿಲ್ಲ. ಮಿಷನ್‌ನ ವೆಚ್ಚದ ಬಾಬ್ತುಗಳಲ್ಲಿಯೂ ಅದಕ್ಕೆ ಪ್ರತ್ಯೇಕ ಸ್ಥಾನವಿಲ್ಲ.