50ರಿಂದ 369: ಬೆಂಗಳೂರಿನ ವಾರ್ಡುಗಳು ನಡೆದು ಬಂದ ದಾರಿ

ಬೆಂಗಳೂರು ಪಾಲಿಕೆಯ ಚರಿತ್ರೆ ಬರೆಯುವವರು ಮೇಯರುಗಳ ಪಟ್ಟಿಯಿಂದ ಶುರುಮಾಡುವುದು ವಾಡಿಕೆ. ಆರ್. ಸುಬ್ಬಣ್ಣನವರ ಹೆಸರಿನಿಂದ ಹೊರಟ ಆ ಪಟ್ಟಿ ಪುರಭವನ, ಎನ್.ಆರ್. ಚೌಕದ ಕಚೇರಿ ಎಲ್ಲವನ್ನೂ ಸುತ್ತಿಕೊಂಡು ಬರುತ್ತದೆ. ಆದರೆ ಊರಿನ ಮಂದಿ ಮೇಯರನ್ನು ಕಂಡದ್ದು ಪತ್ರಿಕೆಯ ಫೋಟೊದಲ್ಲಿ. ಅವರು ಏಗಿದ್ದು ವಾರ್ಡಿನ ಜೊತೆ. ನಲ್ಲಿ, ಮೋರಿ, ಬೀದಿದೀಪ, ಕಂದಾಯದ ರಸೀದಿ, ಓಟಿನ ಚೀಟಿ ಎಲ್ಲಕ್ಕೂ ಅದೇ ವಿಳಾಸ. ಆದ್ದರಿಂದ ಈ ಲೇಖನದಲ್ಲಿ ಮೇಯರುಗಳು ಸ್ವಲ್ಪ ಪಕ್ಕಕ್ಕೆ ಸರಿದು ಕೂರಲಿ.

1862ರಲ್ಲಿ ಪೇಟೆಗೊಂದು, ದಂಡಿಗೊಂದು ಎಂದು ಎರಡು ಮುನಿಸಿಪಲ್ ಮಂಡಳಿಗಳು ಹುಟ್ಟಿದವು. ಆಧಾರವಾಗಿ ಸಿಕ್ಕಿದ್ದು 1850ರ ಒಂದು ಕಾಯಿದೆ. ಮಂಡಳಿ ಬರುವ ಮೊದಲೇ ಪೇಟೆಗೆ ತನ್ನದೇ ಒಳವಿಂಗಡಣೆ ಇತ್ತು: ಅಕ್ಕಿಪೇಟೆ, ಅರಳೆಪೇಟೆ, ತರಗುಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ. ಕಸುಬಿಗೊಂದು ಕೇರಿ, ಕೇರಿಗೊಂದು ಗುಡಿ. ಮುನಿಸಿಪಾಲಿಟಿಯವರು ಇದನ್ನೆಲ್ಲ ಒಟ್ಟುಮಾಡಿ ಬಳೇಪೇಟೆ, ಮಾನವರ್ತೆಪೇಟೆ, ಹಲಸೂರುಪೇಟೆ ಎಂದು ಮೂರು ವಿಭಾಗ ಮಾಡಿಕೊಂಡರು. ಆಗಿನ ಗೆರೆಗೂ ಓಟಿಗೂ ಸಂಬಂಧವಿರಲಿಲ್ಲ. ಯಾವ ಬೀದಿಯನ್ನು ಯಾರು ಗುಡಿಸಬೇಕು, ತೆರಿಗೆಯನ್ನು ಯಾರು ವಸೂಲಿ ಮಾಡಬೇಕು ಎಂಬಷ್ಟೇ ಅದರ ಕೆಲಸ.

1881ರಲ್ಲಿ ಮೈಸೂರು ಸಂಸ್ಥಾನ ಒಡೆಯರ ಕೈಗೆ ಮರಳಿತು. ದಂಡು ಮಾತ್ರ ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ ಎಂಬ ಹೆಸರಿನಲ್ಲಿ ಬ್ರಿಟಿಷ್ ರೆಸಿಡೆಂಟರ ಬಳಿಯೇ ಉಳಿಯಿತು. ನಡುವೆ ಕಬ್ಬನ್ ಪಾರ್ಕು. ಅತ್ತ ಒಂದು ಸರ್ಕಾರ, ಇತ್ತ ಒಂದು ಸರ್ಕಾರ. ಬೆಂಗಳೂರು ಕಂಡ ಅತ್ಯಂತ ಗಟ್ಟಿ ಎಲ್ಲೆ ಇದೇ ಇರಬೇಕು. ಮುಂದಿನ ಗೆರೆಗಳೆಲ್ಲ ಹತ್ತು, ಹದಿನೈದು ವರ್ಷಕ್ಕೆ ಅಳಿಸಿಹೋದರೆ, ಇದು 1947ರವರೆಗೆ ಅಲುಗಾಡಲಿಲ್ಲ.

1898ರ ಪ್ಲೇಗು ಪೇಟೆಯ ಗೋಡೆ ಒಡೆಯಿತು. ಇಕ್ಕಟ್ಟಿನ ಕೇರಿ ಬಿಟ್ಟು ಜನ ಬಸವನಗುಡಿ, ಮಲ್ಲೇಶ್ವರದ ಹೊಸ ಬಡಾವಣೆಗಳಿಗೆ ನಡೆದರು. ಕಸುಬಿನ ಕೇರಿಗಳ ಲೆಕ್ಕ ಅಲ್ಲಿ ನಡೆಯಲಿಲ್ಲ. ಅಳತೆ ಹಿಡಿದು ಎಳೆದ ಮೇನು, ಕ್ರಾಸುಗಳೇ ಅಲ್ಲಿ ಗುರುತು. ಇಂದಿಗೂ ವಾರ್ಡಿನ ಚಕ್ಕುಬಂದಿ ಬರೆಯುವ ಅಧಿಕಾರಿಗೆ ಪ್ರಾಣ ಉಳಿಸುವುದು ಇಂಥ ನೇರ ರಸ್ತೆಗಳೇ. ಅವು ಸಿಗದ ಕಡೆ ಆತ ರೈಲು ಹಳಿಯನ್ನೋ ರಾಜಕಾಲುವೆಯನ್ನೋ ಹುಡುಕಿಕೊಂಡು ಹೋಗುತ್ತಾನೆ.

1949ರ ಕೊನೆಗೆ ಎರಡೂ ಮುನಿಸಿಪಾಲಿಟಿಗಳು ಕೂಡಿ ಬೆಂಗಳೂರು ನಗರ ಕಾರ್ಪೊರೇಷನ್ ಆಯಿತು. 50 ಚುನಾವಣಾ ಡಿವಿಷನ್, 70 ಸದಸ್ಯರು. ಮರುವರ್ಷ ಮೊದಲ ಚುನಾವಣೆ. ಹಳಬರು ಬಹಳ ಕಾಲ ವಾರ್ಡು ಎನ್ನದೆ ಡಿವಿಷನ್ ಎಂದೇ ಹೇಳುತ್ತಿದ್ದರು. ಅನಂತರದ ನಾಲ್ಕು ದಶಕಗಳ ಕತೆಯನ್ನು ಬೇಗ ಹೇಳಿ ಮುಗಿಸಬಹುದು: ಊರು ಬೆಳೆಯಿತು, ಡಿವಿಷನ್ ಹೆಚ್ಚಿದವು, ಕೌನ್ಸಿಲ್ ಹಲವು ಸಲ ಇರಲಿಲ್ಲ. 1989ಕ್ಕೆ ವಾರ್ಡುಗಳ ಸಂಖ್ಯೆ 87, 1995ಕ್ಕೆ 100. ಈ ನಡುವೆ ಸಂವಿಧಾನದ 74ನೇ ತಿದ್ದುಪಡಿ ಬಂದು ಐದು ವರ್ಷಕ್ಕೊಮ್ಮೆ ಚುನಾವಣೆ, ಮಹಿಳೆಯರಿಗೂ ಪರಿಶಿಷ್ಟರಿಗೂ ಮೀಸಲು ವಾರ್ಡು, ವಾರ್ಡ್ ಸಮಿತಿ ಎಲ್ಲವೂ ಕಾಗದದ ಮೇಲೆ ಕಡ್ಡಾಯವಾದವು. ಗೆರೆ ಎಳೆಯುವುದಕ್ಕೆ ಹೊಸ ತೂಕ ಬಂದದ್ದು ಅಲ್ಲಿಂದ. ಬೀದಿಯೊಂದು ಆಚೆಗೆ ಹೋದರೆ ಓಟಿನ ಲೆಕ್ಕ ಮಾತ್ರವಲ್ಲ, ವಾರ್ಡಿನ ಮೀಸಲಾತಿಯೂ ಬದಲಾಗಬಹುದು. ಗೆದ್ದ ಕಾರ್ಪೊರೇಟರ್ ಮುಂದಿನ ಸಲ ಪಕ್ಕದ ವಾರ್ಡಿಗೆ ವಲಸೆ ಹೋಗುವುದೂ ಆಗಲೇ ರೂಢಿಗೆ ಬಂತು.

2007ರದು ಇದೆಲ್ಲಕ್ಕಿಂತ ದೊಡ್ಡ ಜಿಗಿತ. ಯಲಹಂಕ, ಬ್ಯಾಟರಾಯನಪುರ, ದಾಸರಹಳ್ಳಿ, ಕೃಷ್ಣರಾಜಪುರ, ಮಹದೇವಪುರ, ಬೊಮ್ಮನಹಳ್ಳಿ, ರಾಜರಾಜೇಶ್ವರಿನಗರ ಎಂಬ ಏಳು ನಗರಸಭೆಗಳು, ಕೆಂಗೇರಿ ಪುರಸಭೆ, ಜೊತೆಗೆ 110 ಹಳ್ಳಿಗಳು ಸೇರಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯಾಯಿತು. 226 ಚದರ ಕಿ.ಮೀ. ಇದ್ದ ಪಾಲಿಕೆ 700 ದಾಟಿತು. ನಕ್ಷೆಯನ್ನು ಮತ್ತೆ ಮತ್ತೆ ತಿದ್ದಿ ಕೊನೆಗೆ 198 ವಾರ್ಡು ಮಾಡಿದರು: ಯಲಹಂಕದ ಕೆಂಪೇಗೌಡ ವಾರ್ಡು 1, ಹೆಮ್ಮಿಗೆಪುರ 198. ಚುನಾವಣೆ ನಡೆದದ್ದು 2010ರ ಮಾರ್ಚ್ 28ರಂದು. ಹಿಂದಿನ ಕೌನ್ಸಿಲ್‌ನ ಅವಧಿ 2006ರಲ್ಲೇ ಮುಗಿದಿತ್ತು. ಗಡಿ ಸರಿಹೋಗುವವರೆಗೆ ಊರನ್ನು ಆಳಿದವರು ಆಡಳಿತಾಧಿಕಾರಿಗಳು.

ಹಳ್ಳಿಗಳ ಪಾಡನ್ನು ಇಲ್ಲಿ ಹೇಳಲೇಬೇಕು. ಮನೆಬಾಗಿಲಲ್ಲಿ ಸಿಗುತ್ತಿದ್ದ ಪಂಚಾಯಿತಿ ಮೆಂಬರು ಹೋದ. ಅವನ ಬದಲು ಬಂದದ್ದು ಹಲವು ಹಳ್ಳಿ ಸೇರಿಸಿ ಹೊಲಿದ ಒಂದು ವಾರ್ಡು. ಕಂದಾಯ ಬೆಂಗಳೂರಿನ ದರಕ್ಕೆ ಏರಿತು. ಕಾವೇರಿ ಐದನೇ ಹಂತದ ನೀರು ಆ 110 ಹಳ್ಳಿಗಳಿಗೆಂದು ಉದ್ಘಾಟನೆಯಾದದ್ದು 2024ರ ಅಕ್ಟೋಬರಿನಲ್ಲಿ. ವಾರ್ಡಿನ ಗೆರೆಗೂ ನೀರಿನ ಪೈಪಿಗೂ ನಡುವೆ ಹದಿನೇಳು ವರ್ಷ.

198ರ ನಕ್ಷೆಯಲ್ಲಿ ಹೆಸರುಗಳ ಸೊಗಸೇ ಬೇರೆ. ಧರ್ಮರಾಯಸ್ವಾಮಿ ದೇವಸ್ಥಾನ ವಾರ್ಡು, ಗಾಳಿ ಆಂಜನೇಯ ದೇವಸ್ಥಾನ ವಾರ್ಡು, ಶಂಕರಮಠ ವಾರ್ಡು: ದೇವರುಗಳೂ ಮತಕ್ಷೇತ್ರವಾದರು. ಎಂ.ಜಿ. ರಸ್ತೆ, ಬ್ರಿಗೇಡ್ ರಸ್ತೆಯ ಕಡೆಯ ವಾರ್ಡಿಗೆ ಶಾಂತಲಾನಗರ ಎಂದು ಹೆಸರು. ಅಲ್ಲಿ ದಿನವೂ ಓಡಾಡುವವರಲ್ಲಿ ಎಷ್ಟು ಮಂದಿಗೆ ಗೊತ್ತಿತ್ತೋ! ಮಲ್ಲೇಶ್ವರ ಎಂದು ಎಲ್ಲರೂ ಒಂದೇ ಉಸಿರಿನಲ್ಲಿ ಕರೆಯುವ ಊರು 45ನೇ ಮಲ್ಲೇಶ್ವರ, 65ನೇ ಕಾಡುಮಲ್ಲೇಶ್ವರ ಎಂದು ಎರಡಾಗಿತ್ತು.

ಗೆರೆಯ ಕಷ್ಟ ತಿಳಿಯುವುದು ಅದು ಹಾದುಹೋಗುವ ರಸ್ತೆಯಲ್ಲಿ. ಚಕ್ಕುಬಂದಿ ಬರೆದವರು ರಸ್ತೆಯೇ ಎಲ್ಲೆ ಎಂದು ಬರೆದು ಮುಂದಿನ ಸಾಲಿಗೆ ಹೋಗಿರುತ್ತಾರೆ. ಬೆಳಿಗ್ಗೆ ಎಡಬದಿಯ ಮನೆಗಳ ಕಸಕ್ಕೆ ಒಂದು ವಾರ್ಡಿನ ಆಟೋ ಟಿಪ್ಪರ್, ಬಲಬದಿಗೆ ಇನ್ನೊಂದು ವಾರ್ಡಿನದು. ಆ ಕಡೆಯದು ಏಳಕ್ಕೆ ಬಂದರೆ ಈ ಕಡೆಯದು ಹತ್ತಕ್ಕೆ. ತಡವಾಗಿ ಎದ್ದವರು ಚೀಲವನ್ನು ಎದುರು ಬದಿಯ ಟ್ರಾನ್ಸ್‌ಫಾರ್ಮರ್ ಬುಡದಲ್ಲಿ ಇಟ್ಟು ಆಫೀಸಿಗೆ ಹೊರಡುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಅಲ್ಲೊಂದು ಬ್ಲ್ಯಾಕ್‌ಸ್ಪಾಟ್. ಪೌರಕಾರ್ಮಿಕ ಹೆಂಗಸು ಪೊರಕೆಯನ್ನು ರಸ್ತೆಯ ನಡುಗೆರೆಯವರೆಗೆ ಎಳೆದು ನಿಲ್ಲಿಸಿದರೆ ತಪ್ಪು ಅವಳದಲ್ಲ. ಅವಳ ಹಾಜರಿ ಪುಸ್ತಕ ಇರುವುದು ಈ ಬದಿಯ ಮಸ್ಟರಿಂಗ್ ಕೇಂದ್ರದಲ್ಲಿ. ರಸ್ತೆ ನಡುವೆ ಗುಂಡಿ ಬಿದ್ದರಂತೂ ಎರಡೂ ವಾರ್ಡಿನ ಎಂಜಿನಿಯರುಗಳಿಗೆ ಗಡಿಯ ಜ್ಞಾನ ಒಮ್ಮೆಲೇ ಉದಯಿಸುತ್ತದೆ.

ಹಾಗೆಂದು ಮರುವಿಂಗಡಣೆ ಬೇಡವೇ ಬೇಡ ಎನ್ನುವಂತಿಲ್ಲ. 2011ರ ಜನಗಣತಿಯಲ್ಲಿ ಪಾಲಿಕೆಯ ಜನಸಂಖ್ಯೆ 84 ಲಕ್ಷ ದಾಟಿತ್ತು, ವಾರ್ಡಿಗೆ ಸರಾಸರಿ 42 ಸಾವಿರ ಚಿಲ್ಲರೆ. ಹೊರಮಾವು ವಾರ್ಡಿನಲ್ಲಿ ಮಾತ್ರ 90 ಸಾವಿರಕ್ಕೂ ಹೆಚ್ಚು. ಹಳೆ ಬೆಂಗಳೂರಿನ ಹಲವು ವಾರ್ಡುಗಳಲ್ಲಿ ಅದರ ಅರ್ಧದಷ್ಟೂ ಇರಲಿಲ್ಲ. ಇಬ್ಬರು ಕಾರ್ಪೊರೇಟರುಗಳಿಗೂ ಕೌನ್ಸಿಲಿನಲ್ಲಿ ಒಂದೊಂದೇ ಕುರ್ಚಿ. 2015ರ ಚುನಾವಣೆಯೂ ಇದೇ 198ರ ಮೇಲೆ ನಡೆಯಿತು. ಅರ್ಧದಷ್ಟು ವಾರ್ಡು ಮಹಿಳೆಯರಿಗೆ ಮೀಸಲಾದದ್ದು ಆ ಚುನಾವಣೆಯ ದೊಡ್ಡ ಬದಲಾವಣೆ.

2020ರ ಸೆಪ್ಟೆಂಬರಿನಲ್ಲಿ ಆ ಕೌನ್ಸಿಲ್ ಮುಗಿಯಿತು. ಆಮೇಲೆ ನಡೆದದ್ದು ಗೆರೆಗಳ ಜಾತ್ರೆ. ಸರ್ಕಾರ 243 ವಾರ್ಡು ಎಂದಿತು. ಹೈಕೋರ್ಟು ಡಿಸೆಂಬರಿನಲ್ಲಿ ಹಳೆಯ 198ಕ್ಕೇ ಚುನಾವಣೆ ಮಾಡಿ ಎಂದಿತು. ಅದೇ ತಿಂಗಳು ಸುಪ್ರೀಂ ಕೋರ್ಟು ತಡೆ ಕೊಟ್ಟಿತು. 2022ರ ಜುಲೈನಲ್ಲಿ 243ರ ಪಟ್ಟಿ ಗೆಜೆಟ್ಟಿಗೆ ಬಂತು, ಪುನೀತ್ ರಾಜ್‌ಕುಮಾರ್, ಚಾಣಕ್ಯ, ಛತ್ರಪತಿ ಶಿವಾಜಿ ಮುಂತಾದ ಹೊಸ ಹೆಸರುಗಳೊಂದಿಗೆ. ಆ ಹೆಸರುಗಳ ಮೇಲೇ ಒಂದಿಷ್ಟು ಜಗಳವಾಯಿತು. ಮೀಸಲಾತಿ ಪಟ್ಟಿಯನ್ನು ಹೈಕೋರ್ಟು ರದ್ದು ಮಾಡಿತು. ಸರ್ಕಾರ ಬದಲಾಗಿ 2023ರ ಸೆಪ್ಟೆಂಬರಿನಲ್ಲಿ 225ರ ಪಟ್ಟಿ. 243ಕ್ಕಾಗಲಿ 225ಕ್ಕಾಗಲಿ ಒಂದು ಓಟೂ ಬೀಳಲಿಲ್ಲ. ಗೋಡೆ ಸುಣ್ಣ ಕಾಣುವ ಮೊದಲೇ ಮನೆ ಕೆಡವಿದಂತೆ, ಚುನಾವಣೆ ಕಾಣದೆಯೇ ಎರಡು ನಕ್ಷೆಗಳು ಸತ್ತವು. ಪ್ರತಿ ಸಲವೂ ಕೊಟ್ಟ ಕಾರಣ ಸಮಾನ ಪ್ರಾತಿನಿಧ್ಯ. ಪ್ರತಿ ಸಲವೂ ಸಿಕ್ಕ ಫಲ ಆಡಳಿತಾಧಿಕಾರಿ. ಪಕ್ಷ ಯಾವುದಿದ್ದರೂ ಇದರಲ್ಲಿ ವ್ಯತ್ಯಾಸ ಕಾಣಲಿಲ್ಲ. ಕಾರ್ಪೊರೇಟರ್ ಇಲ್ಲದ ಊರಿನಲ್ಲಿ ಶಾಸಕರ ಕೈ ಇನ್ನಷ್ಟು ಉದ್ದವಾಗುತ್ತದೆ ಎಂಬುದನ್ನು ಬೆಂಗಳೂರಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

2024ರ ಗ್ರೇಟರ್ ಬೆಂಗಳೂರು ಆಡಳಿತ ಕಾಯಿದೆ 2025ರ ಮೇ ತಿಂಗಳಲ್ಲಿ ಜಾರಿಯಾಯಿತು. ಸೆಪ್ಟೆಂಬರಿನಲ್ಲಿ ಬಿಬಿಎಂಪಿ ಇಲ್ಲವಾಗಿ ಕೇಂದ್ರ, ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣ ಎಂದು ಐದು ನಗರ ಪಾಲಿಕೆಗಳು ಬಂದವು. ಮೇಲೊಂದು ಪ್ರಾಧಿಕಾರ. ನವೆಂಬರಿನ ಹೊತ್ತಿಗೆ ಐದಕ್ಕೂ ಸೇರಿ 369 ವಾರ್ಡುಗಳು ಗೊತ್ತಾದವು. ಸರಾಸರಿ ಹಿಡಿದರೆ ವಾರ್ಡಿಗೆ 23 ಸಾವಿರದಷ್ಟು ಜನ. ವಾರ್ಡು ಚಿಕ್ಕದಾದರೆ ಕಾರ್ಪೊರೇಟರ್ ಮುಖ ಪರಿಚಯವಿರುತ್ತದೆ, ಅದು ಒಳ್ಳೆಯದೇ. ಆದರೆ 243, 225, 369 ಎಲ್ಲವೂ ಲೆಕ್ಕ ಹಾಕಿದ್ದು ಅದೇ 2011ರ ಜನಗಣತಿಯ ಮೇಲೆ. 2021ರ ಗಣತಿ ನಡೆಯಲೇ ಇಲ್ಲ. 2011ರಿಂದ ಈಚೆಗೆ ವರ್ತೂರು, ಹೊರಮಾವು, ಬೇಗೂರು ಕಡೆ ಎದ್ದ ಅಪಾರ್ಟ್‌ಮೆಂಟುಗಳ ಜನ ಗೆರೆ ಎಳೆದವರ ಕಾಗದದಲ್ಲಿ ಇನ್ನೂ ಹುಟ್ಟಿಲ್ಲ. ಮುಂದಿನ ಗಣತಿ ಬಂದಾಗ ಚಕ್ಕುಬಂದಿ ಮತ್ತೆ ಬಿಚ್ಚಿಕೊಳ್ಳುವುದು ಖಂಡಿತ.

ಅಷ್ಟರಲ್ಲಿ ಆಸ್ತಿ ತೆರಿಗೆಯ ಪಿಐಡಿ ಸಂಖ್ಯೆ ನೋಡಿ. ವಾರ್ಡು, ರಸ್ತೆ, ನಿವೇಶನ ಎಂದು ಮೂರು ತುಂಡು. ಕೊಟ್ಟ ಕಾಲದಲ್ಲಿ ಯಾವ ವಾರ್ಡಿತ್ತೋ ಅದೇ ಸಂಖ್ಯೆ ಅದರಲ್ಲಿ ಉಳಿದುಕೊಂಡಿದೆ. ಕ್ರಯಪತ್ರಗಳಲ್ಲಂತೂ ಹಳೇ ಡಿವಿಷನ್ ನಂಬರ್, ಹೊಸ ವಾರ್ಡ್ ನಂಬರ್ ಎಂದು ಪಕ್ಕಪಕ್ಕದಲ್ಲೇ ಬರೆಯುವ ರೂಢಿ. ಇನ್ನು ಮುಂದೆ ಅಲ್ಲಿಗೆ ಪಾಲಿಕೆಯ ಹೆಸರನ್ನೂ ಸೇರಿಸಬೇಕು, ಏಕೆಂದರೆ ಬೆಂಗಳೂರಿನಲ್ಲಿ ಈಗ ಒಂದನೇ ವಾರ್ಡುಗಳೇ ಐದಿವೆ.