ಮಡಕೆಯ ರೇಖೆ, ಒಡವೆಯ ರೇಖೆ

ಉತ್ತರ ಅಮೆರಿಕದ ರೆಡ್ ನದಿಯ ತೀರದಲ್ಲಿ, ಈಗಿನ ಟೆಕ್ಸಾಸ್, ಲೂಯಿಸಿಯಾನ, ಆರ್ಕನ್ಸಾ, ಒಕ್ಲಹೋಮ ಸಂಸ್ಥಾನಗಳು ಕೂಡುವೆಡೆಯಲ್ಲಿ, ಕ್ಯಾಡೊ ಎಂಬ ಮೂಲನಿವಾಸಿ ಜನಾಂಗವು ಸಾವಿರ ವರ್ಷಗಳ ಹಿಂದೆಯೇ ನೆಲೆಗೊಂಡಿತ್ತು. ಟೆಕ್ಸಾಸೆಂಬ ಹೆಸರೇ ಇವರ ನುಡಿಯಲ್ಲಿ ‘ಸ್ನೇಹಿತ’ನೆಂಬರ್ಥದ ಮಾತಿನಿಂದ ಬಂದುದು. ಹಾಗೆ ಕರೆದವರಿಗೆ ಆ ನಾಡಿನಲ್ಲಿ ನಿಲ್ಲಲು ನೆಲ ಉಳಿಯಲಿಲ್ಲವೆಂಬುದು ಬೇರೆ ಮಾತು.

ಇವರ ಕೀರ್ತಿ ಮಣ್ಣಿನ ಪಾತ್ರೆಗಳಲ್ಲಿದೆ. ಕುಂಬಾರನ ತಿಗುರಿಯನ್ನು ಇವರು ಅರಿಯರು. ಮಣ್ಣನ್ನು ಹುರಿಯಂತೆ ಹೊಸೆದು, ಸುರುಳಿಯ ಮೇಲೆ ಸುರುಳಿಯನ್ನಿಟ್ಟು ಪಾತ್ರೆಯನ್ನೆಬ್ಬಿಸಿ, ನುಣುಗಲ್ಲಿನಿಂದ ಹೊಳೆಯುವಂತೆ ಉಜ್ಜಿ, ಬಯಲ ಬೆಂಕಿಯಲ್ಲಿ ಸುಡುತ್ತಿದ್ದರು. ಒಣಗಿದ ಮೈಯಲ್ಲಿ, ಕೆಲವೊಮ್ಮೆ ಸುಟ್ಟ ಮೇಲೆಯೂ, ಚೂಪಾದ ಮೊನೆಯಿಂದ ಸುಳಿಗಳನ್ನೂ ವೃತ್ತಗಳನ್ನೂ ಕೊರೆದು, ಗೀರಿನೊಳಗೆ ಕೆಮ್ಮಣ್ಣನ್ನೋ ಬಿಳಿಮಣ್ಣನ್ನೋ ತುಂಬುತ್ತಿದ್ದುದುಂಟು. ಇದು ಕುಂಬಾರನ ಕೆಲಸಕ್ಕಿಂತ ಅಕ್ಕಸಾಲೆಯ ಕೆಲಸಕ್ಕೆ ಹತ್ತಿರವೆನ್ನಬೇಕು.

1835ರ ಒಪ್ಪಂದದಂತೆ ಕ್ಯಾಡೊ ಮುಖಂಡರು ಲೂಯಿಸಿಯಾನದ ಕಡೆಯ ತಮ್ಮ ಭೂಮಿಯನ್ನು 80,000 ಡಾಲರುಗಳಿಗೆ ಬಿಟ್ಟುಕೊಟ್ಟರು. 1859ರಲ್ಲಿ ಅವರು ಟೆಕ್ಸಾಸನ್ನೂ ತೊರೆದು ಈಗಿನ ಒಕ್ಲಹೋಮಕ್ಕೆ ಹೋಗಬೇಕಾಯಿತು. ಆ ಅಲೆದಾಟದಲ್ಲಿ, ಲೋಹದ ಪಾತ್ರೆಗಳ ಬಳಕೆಯಲ್ಲಿ, ಕಸುಬು ಕೈಜಾರಿತು. ರೇಖೆ ಉಳಿದುದು ಸತ್ತವರೊಡನೆ ಹೂಳಿದ್ದ ಪಾತ್ರೆಗಳಲ್ಲಿ. ಗೋರಿಗಳನ್ನಾದರೂ ಜನ ಬಿಟ್ಟರೆ? ಕ್ಯಾಡೊ ಪೂರ್ವಿಕರ ನಂಟಿನ ಸ್ಪೈರೊ ದಿಬ್ಬವನ್ನು 1933ರಿಂದ 1935ರವರೆಗೆ ನಿಧಿಶೋಧಕರು ಗುತ್ತಿಗೆ ಹಿಡಿದು ಅಗೆದು, ಚಿತ್ರ ಕೊರೆದ ಶಂಖದ ಚಿಪ್ಪುಗಳನ್ನೂ ತಾಮ್ರದ ತಗಡುಗಳನ್ನೂ ಮಾರಿಕೊಂಡರು.

1991ರಲ್ಲಿ ಜೆರೆಲ್ಡೀನ್ ರೆಡ್‌ಕಾರ್ನ್ ಎಂಬ ಕ್ಯಾಡೊ ಮಹಿಳೆ ಒಕ್ಲಹೋಮದ ಇಡಾಬೆಲ್ ಪಟ್ಟಣದ ವಸ್ತುಸಂಗ್ರಹಾಲಯದಲ್ಲಿ ತಮ್ಮ ಹಿರಿಯರ ಪಾತ್ರೆಗಳನ್ನು ಕಂಡರು. ಅಂಥದನ್ನು ಮಾಡಬಲ್ಲವರು ಜನಾಂಗದಲ್ಲಿ ಯಾರೂ ಉಳಿದಿರಲಿಲ್ಲ. ಹಳೆಯ ಪಾತ್ರೆಗಳನ್ನೇ ಗುರುವಾಗಿಟ್ಟುಕೊಂಡು ಅವರು ಕಲಿತರು. ಅವರು ಮಾಡಿದ ಪಾತ್ರೆಯೊಂದು 2009ರಲ್ಲಿ ಅಮೆರಿಕದ ಅಧ್ಯಕ್ಷರ ಕಚೇರಿಯಲ್ಲಿ ಸ್ಥಾನ ಪಡೆಯಿತು.

ಈಗ ಅದೇ ಸುಳಿಗಳು ಕ್ಯಾಡೊ ಕಲಾವಿದರು ಮಾಡುವ ಒಡವೆಗಳ ಮೇಲೂ ಮೂಡುತ್ತಿವೆ. ಮಡಕೆಯ ಚಿತ್ರವನ್ನು ಒಡವೆಗೆ ಎರವಲು ತಂದರೆಂದು ಹಳಿಯುವುದು ಸಲ್ಲದು. ಬಣ್ಣದ ಚಿತ್ರ ಮಡಕೆಯನ್ನು ಬಿಟ್ಟುಬಂದರೆ ಸೊರಗುತ್ತಿತ್ತೇನೋ. ಕೊರೆದ ರೇಖೆಗೆ ಮಣ್ಣೂ ಚಿಪ್ಪೂ ಲೋಹವೂ ಒಂದೇ. ಇವರ ಪೂರ್ವಿಕರು ಚಿಪ್ಪಿನ ಪದಕವನ್ನು ಕೊರಳಲ್ಲಿ ಧರಿಸಿ, ಅಂಥದೇ ಸುಳಿಯ ಪಾತ್ರೆಗಳನ್ನು ಮನೆಯಲ್ಲಿ ಬಳಸಿದವರು.