ತಮಟೆ ಯಾರದು, ಮಾತು ಯಾರದು?

ನಮ್ಮ ಕಡೂರು, ತರೀಕೆರೆ, ಅಜ್ಜಂಪುರದ ಸೀಮೆಯಲ್ಲಿ ಊರಿಗೆ ಸುದ್ದಿ ಮುಟ್ಟಿಸುತ್ತಿದ್ದದ್ದು ಕೇರಿಯ ತಮಟೆ. ಕಂದಾಯದ ಗಡುವು, ಕೆರೆ ತೂಬು ಎತ್ತುವ ದಿನ, ಮಾರಿಹಬ್ಬದ ಸಾರು, ಅಮಲ್ದಾರರ ಸವಾರಿ, ಎಲ್ಲವನ್ನೂ ಸಾರಬೇಕಾದವನು ತೋಟಿ. ಊರೊಳಗಿನ ಜಗಲಿ ಹತ್ತುವ ಹಕ್ಕಿಲ್ಲದವನ ಬಾಯಿಂದಲೇ ಊರು ಸುದ್ದಿ ಕೇಳುತ್ತಿತ್ತು. ಚರ್ಮ ಹದ ಮಾಡಿದವರು ನಾವು, ಬಡಿದವರು ನಾವು, ಗಂಟಲು ಹರಕೊಂಡವರೂ ನಾವೇ. ಮಾತು ಮಾತ್ರ ಪಟೇಲರದು, ಶಾನುಭೋಗರದು. ಅದರಲ್ಲಿ ಒಂದಕ್ಷರ ಹೆಚ್ಚುಕಮ್ಮಿ ಮಾಡೋ ಹಾಗಿರಲಿಲ್ಲ. ಸುಳ್ಳೋ ನಿಜವೋ ಅಂತ ಕೇಳೋ ಹಾಗೂ ಇರಲಿಲ್ಲ. ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು ರದ್ದು ಮಾಡುವ ಕಾಯ್ದೆ ಬಂದದ್ದು 1961ರಲ್ಲಿ. ಕಾಯ್ದೆ ಬಂದ ಮೇಲೂ ತಮಟೆಯ ಬಿಟ್ಟಿ ಚಾಕರಿ ಎಷ್ಟೋ ಊರುಗಳಲ್ಲಿ ನಿಲ್ಲಲಿಲ್ಲ.

ಈ ಹಳೇ ಕತೆ ಈಗ ಯಾಕೆ ಅಂದ್ರೆ, ಇವತ್ತು ಕೇರಿಯ ಹುಡುಗರ ಜೇಬಿನಲ್ಲಿ ಇನ್ನೊಂದು ತಮಟೆ ಬಂದು ಕೂತಿದೆ. ಅದು ಮೊಬೈಲು. ವಾಟ್ಸಾಪ್, ಫೇಸ್‌ಬುಕ್, ಯೂಟ್ಯೂಬ್ ಎಲ್ಲ ಅದರೊಳಗೇ. ಬೆಳಿಗ್ಗೆ ಎದ್ದು ಮುಖ ತೊಳೆಯೋಕೆ ಮೊದಲೇ ಬಂದದ್ದನ್ನ ಗುಂಪಿಂದ ಗುಂಪಿಗೆ ತಳ್ಳುತ್ತಾರೆ. ಬರೆದವರು ಯಾರು? ಗೊತ್ತಿಲ್ಲ. ಯಾವಾಗಿನದು? ಗೊತ್ತಿಲ್ಲ. ಇದು ಹೊಸ ಸ್ವಾತಂತ್ರ್ಯವೋ, ಹಳೇ ತೋಟಿಕೆಯೋ? ಇದನ್ನು ಚರಿತ್ರೆಯಿಂದಲೇ ನೋಡಬೇಕು.

ತಮಟೆಗೆ ಜೊತೆಯಾಗಿ ಕಲ್ಲೂ ಇತ್ತು. ತರೀಕೆರೆ ಹತ್ತಿರದ ಅಮೃತಾಪುರದಲ್ಲಿ ಹೊಯ್ಸಳ ವೀರಬಲ್ಲಾಳನ ದಂಡನಾಯಕ ಅಮೃತೇಶ್ವರ 1196ರಲ್ಲಿ ಗುಡಿ ಕಟ್ಟಿಸಿದ. ಅಲ್ಲಿಯ ಶಾಸನಕ್ಕೆ ಪದ್ಯ ಬರೆದವನು ಕವಿ ಜನ್ನ. ಕವಿಯೂ ದೊಡ್ಡವನು, ಕಲ್ಲೂ ದೊಡ್ಡದು. ಓದಬಲ್ಲವರು ಎಷ್ಟು ಜನ? ಆಳುವವರು ತಮ್ಮ ಹೊಗಳಿಕೆಯನ್ನು ತಾವೇ ಕೊರೆಸಿ ನಿಲ್ಲಿಸಿದರು. ಓದಲಾರದ ಜನ ಅದಕ್ಕೆ ಕೈ ಮುಗಿದರು. ಆ ಕಾಲದ ಎಷ್ಟೋ ದಾನಶಾಸನಗಳ ಕೊನೆಗೆ ಒಂದು ಶಾಪ ಇರುತ್ತೆ. ಈ ದಾನ ಕೆಡಿಸಿದವನು ಕಾಶಿಯಲ್ಲಿ ಹಸು ಕೊಂದ ಪಾಪಕ್ಕೆ ಹೋಗುತ್ತಾನೆ ಅಂತ. ಮಾತು ನಿಲ್ಲಬೇಕಾದರೆ ಅದರ ಬೆನ್ನಿಗೆ ಭಯ ಕಟ್ಟಬೇಕು ಅನ್ನೋದು ಅವರಿಗೆ ಆಗಲೇ ಗೊತ್ತಿತ್ತು.

ಈ ಶಾಪ ಕಲ್ಲಿನಲ್ಲೇ ಉಳಿಯಲಿಲ್ಲ, ಅಂಚೆ ಕಾರ್ಡು ಹತ್ತಿತು. ಇದನ್ನು ಇಷ್ಟು ಜನಕ್ಕೆ ಬರೆದು ಹಾಕಿದರೆ ಭಾಗ್ಯ, ಹರಿದು ಹಾಕಿದರೆ ಮನೇಲಿ ಸಾವು ಅನ್ನೋ ಕಾರ್ಡುಗಳು ಊರೂರಿಗೆ ಬಂದವು. ಅರ್ಧ ಊಟದ ದುಡ್ಡಲ್ಲಿ ಕಾರ್ಡು ಕೊಂಡು ಬರೆದ ಬಡವರಿದ್ದರು. 1990ರ ದಶಕದಲ್ಲಿ ರಾತ್ರಿ ದೆವ್ವ ಬಂದು ಬಾಗಿಲು ತಟ್ಟುತ್ತೆ ಅಂತ ಗುಲ್ಲೆದ್ದು ಮನೆಬಾಗಿಲ ಮೇಲೆಲ್ಲ ‘ನಾಳೆ ಬಾ’ ಅಂತ ಬರೆದರು. 1995ರ ಸೆಪ್ಟೆಂಬರ್ 21ರಂದು ಗಣಪತಿ ಹಾಲು ಕುಡೀತಾನೆ ಅಂತ ಇಡೀ ದೇಶ ಸಾಲು ನಿಂತಿತು. ಆಗಿನ್ನೂ ವಾಟ್ಸಾಪ್ ಹುಟ್ಟಿರಲಿಲ್ಲ. ಆದ್ದರಿಂದ ಮೊಬೈಲು ಬಂದು ಜನ ಕೆಟ್ಟರು ಅನ್ನೋದು ಅರ್ಧ ಸತ್ಯ. ಭಯ ಮೊದಲೇ ಇತ್ತು. ಮೊಬೈಲು ಅದಕ್ಕೆ ರೆಕ್ಕೆ ಕಟ್ಟಿತು.

ಕಲ್ಲಾಯಿತು, ಕಾರ್ಡಾಯಿತು. ಇನ್ನು ಪತ್ರಿಕೆ. ನಮ್ಮದು ಕಡೂರು ಜಿಲ್ಲೆ ಅನ್ನಿಸಿಕೊಳ್ಳುತ್ತಿದ್ದ ಕಾಲದಲ್ಲೇ ಬೀರೂರಿಗೆ ರೈಲು ಬಂತು. ಬೀರೂರು-ಶಿವಮೊಗ್ಗ ದಾರಿ 1899ರಲ್ಲಿ ತೆರೆಯಿತು. ರೈಲಿನ ಜೊತೆ ಪತ್ರಿಕೆಯೂ ಬಂತು. ಅಚ್ಚಾದದ್ದೆಲ್ಲ ಸತ್ಯ ಅಂತ ಓದಿದವರು ನಂಬಿದರು, ಓದದವರು ಓದಿದವರನ್ನು ನಂಬಿದರು. ಆ ಅಚ್ಚಿನ ಮನೆಯೊಳಗೆ ನಮ್ಮವರು ಇರಲಿಲ್ಲ. ಅದಕ್ಕೇ ಬಾಬಾಸಾಹೇಬರು 1920ರ ಜನವರಿ 31ರಂದು ‘ಮೂಕನಾಯಕ’ ಅಂತ ತಮ್ಮದೇ ಪತ್ರಿಕೆ ಶುರು ಮಾಡಿದ್ದು.

ಬೇರೆಯವರ ಕೈಲಿರೋ ಅಚ್ಚು ಏನು ಮಾಡಬಲ್ಲದು ಅನ್ನೋದನ್ನ ಕರ್ನಾಟಕ 1973ರ ನವೆಂಬರಿನಲ್ಲಿ ಕಂಡಿತು. ಮಲ ಹೊರುವ ಪದ್ಧತಿ ನಿಲ್ಲಿಸಲು ಹೊರಟಿದ್ದ ಮಂತ್ರಿ ಬಿ. ಬಸವಲಿಂಗಪ್ಪನವರು ಮೈಸೂರಿನ ಸಭೆಯೊಂದರಲ್ಲಿ ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಅಂದರು. ಅವರ ವಾದ ಏನು, ಯಾವ ಸಾಹಿತ್ಯ ಯಾರನ್ನ ಹೊರಗಿಟ್ಟಿದೆ ಅನ್ನೋ ಪ್ರಶ್ನೆ ಏನು, ಅದೆಲ್ಲ ಹಿಂದೆ ಸರಿಯಿತು. ‘ಬೂಸಾ’ ಅನ್ನೋ ಒಂದು ಪದ ಮಾತ್ರ ಊರೂರು ತಿರುಗಿತು. ಕನ್ನಡಕ್ಕೆ ಅವಮಾನ ಅಂತ ಹುಡುಗರು ಬೀದಿಗಿಳಿದರು. ಏಟು ಬಿದ್ದದ್ದು ದಲಿತ ವಿದ್ಯಾರ್ಥಿಗಳಿಗೆ. ಕುವೆಂಪು ಅವರಂಥವರು ಆ ಮಾತಿನಲ್ಲಿ ಹುರುಳಿದೆ ಅಂದರೂ ಗದ್ದಲ ತಣ್ಣಗಾಗಲಿಲ್ಲ. ಬಸವಲಿಂಗಪ್ಪನವರು ರಾಜೀನಾಮೆ ಕೊಡಬೇಕಾಯಿತು. ಆ ಏಟು ತಿಂದ ತಲೆಮಾರೇ ಮುಂದೆ ದಲಿತ ಸಂಘರ್ಷ ಸಮಿತಿ ಕಟ್ಟಿತು. ತರೀಕೆರೆಗೆ ಮಗ್ಗುಲಲ್ಲೇ ಇರುವ ಭದ್ರಾವತಿ ಅದರ ಹುಟ್ಟಿನ ನೆಲಗಳಲ್ಲಿ ಒಂದು.

ಈ ಬೂಸಾ ಪ್ರಕರಣವನ್ನ ಮನಸ್ಸಿನಲ್ಲಿಟ್ಟುಕೊಂಡು 2018ಕ್ಕೆ ಬನ್ನಿ. 2016ರಿಂದ ಇಂಟರ್‌ನೆಟ್ಟು ಅಗ್ಗವಾಗಿ ಹಳ್ಳಿ ಹಳ್ಳಿಗೂ ತಲುಪಿತ್ತು. ಮಕ್ಕಳ ಕಳ್ಳರು ಬಂದಿದ್ದಾರೆ ಅಂತ ಒಂದು ವಿಡಿಯೋ ಓಡಾಡಿತು. ಬೈಕಿನಲ್ಲಿ ಬಂದವರು ಬೀದಿಯಲ್ಲಿ ಆಡೋ ಮಗುವನ್ನ ಎತ್ತಿಕೊಂಡು ಹೋಗುತ್ತಾರೆ. ಅದು ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ರಕ್ಷಣೆಯ ತಿಳುವಳಿಕೆಗಾಗಿ ತೆಗೆದ ಚಿತ್ರ. ಕೊನೆಯಲ್ಲಿ ಮಗುವನ್ನ ವಾಪಸ್ ತಂದು ಬಿಡುತ್ತಾರೆ. ಆ ಕೊನೆಯನ್ನೇ ಯಾರೋ ಕತ್ತರಿಸಿದ್ದರು. ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಕೂಲಿ ಹುಡುಕಿ ಬಂದ ರಾಜಸ್ಥಾನದ ಯುವಕನನ್ನ ಮೇ ತಿಂಗಳಲ್ಲಿ ಬಡಿದು ಕೊಂದರು. ಬೀದರ ಜಿಲ್ಲೆಯ ಮುರ್ಕಿಯಲ್ಲಿ ಜುಲೈ ತಿಂಗಳಲ್ಲಿ, ಮಕ್ಕಳಿಗೆ ಚಾಕೊಲೇಟು ಕೊಟ್ಟ ತಪ್ಪಿಗೆ ಹೈದರಾಬಾದಿನ ಇನ್ನೊಬ್ಬ ಸತ್ತ. ಆಮೇಲೆ ವಾಟ್ಸಾಪ್ ಕಂಪನಿ, ಒಂದು ಸಂದೇಶವನ್ನ ಒಂದು ಸಲಕ್ಕೆ ಐದು ಕಡೆಗೆ ಮಾತ್ರ ತಳ್ಳಬಹುದು ಅಂತ ಮಿತಿ ಹಾಕಿತು.

1973ರಲ್ಲಿ ಒಂದು ಪದ ಕತ್ತರಿಸಿದರು, 2018ರಲ್ಲಿ ಒಂದು ಚಿತ್ರದ ಬಾಲ ಕತ್ತರಿಸಿದರು. ಎರಡು ಸಲವೂ ಸಿಕ್ಕಿಬಿದ್ದವರು ಹೊರಗಿನವರು, ಬಲವಿಲ್ಲದವರು. ಈಗಿನ ವ್ಯತ್ಯಾಸ ಏನು ಅಂದ್ರೆ, ಕತ್ತರಿಸಿದ ತುಂಡನ್ನ ಸಾರುತ್ತಿರೋದು ಪತ್ರಿಕೆಯಲ್ಲ, ನಾವು. ಫೇಸ್‌ಬುಕ್, ಯೂಟ್ಯೂಬುಗಳು ನಾವು ಯಾವುದರ ಮುಂದೆ ಹೆಚ್ಚು ಹೊತ್ತು ನಿಲ್ಲುತ್ತೇವೋ ಅಂಥದ್ದನ್ನೇ ಮತ್ತೆ ಮತ್ತೆ ಮುಂದಿಡುತ್ತವೆ. ಮನುಷ್ಯ ಸಿಟ್ಟು ಬಂದಾಗ, ಹೆದರಿದಾಗ ಹೆಚ್ಚು ಹೊತ್ತು ನಿಲ್ಲುತ್ತಾನೆ. ಆ ಹೊತ್ತನ್ನ ಜಾಹೀರಾತಿನವರಿಗೆ ಮಾರಿ ಕಂಪನಿ ದುಡ್ಡು ಮಾಡುತ್ತೆ. ಪಕ್ಷಗಳ ಐಟಿ ಸೆಲ್ಲುಗಳು ಮಾತು ತಯಾರು ಮಾಡಿಕೊಡುತ್ತವೆ. ಮೀಸಲಾತಿಯನ್ನ ಬೈಯುವ, ಪಕ್ಕದ ಸಾಬರನ್ನ ಬೈಯುವ ಮಾತನ್ನ ಮೀಸಲಾತಿಯಿಂದಲೇ ಓದಿದ ನಮ್ಮ ಹುಡುಗರೂ ತಳ್ಳುತ್ತಾರೆ. ಕೂಲಿಯಿಲ್ಲದ ತೋಟಿಕೆ ಅಂದ್ರೆ ಇದೇ ಅಲ್ಲವೇ?

ಹಾಗಂತ ಫೋನು ಬಿಸಾಕಿ ಅಂತ ನಾನು ಹೇಳೋಲ್ಲ. 2024ರ ಜನವರಿಯಲ್ಲಿ ತರೀಕೆರೆ ತಾಲೂಕಿನ ಗೇರುಮರಡಿಯ ಗೊಲ್ಲರಹಟ್ಟಿಗೆ ಜೆಸಿಬಿ ಕೆಲಸಕ್ಕೆ ಹೋದ ದಲಿತ ಯುವಕನನ್ನ, ಹಟ್ಟಿ ಮೈಲಿಗೆಯಾಯಿತು ಅಂತ ಹೊಡೆದರು. ಹಿಂದೆಯಾಗಿದ್ದರೆ ಆ ಸುದ್ದಿ ಹಟ್ಟಿಯ ಬೇಲಿ ದಾಟುತ್ತಿರಲಿಲ್ಲ. ಪಂಚಾಯ್ತಿಯಲ್ಲಿ ತಪ್ಪುಕಾಣಿಕೆ ಕಟ್ಟಿಸಿ ಬಾಯಿ ಮುಚ್ಚಿಸುತ್ತಿದ್ದರು. ಈ ಸಲ ಕೆಲವೇ ದಿನದಲ್ಲಿ ಅದು ರಾಜ್ಯಕ್ಕೆಲ್ಲ ಗೊತ್ತಾಯಿತು. ದಲಿತ ಸಂಘಟನೆಗಳು ಹಟ್ಟಿಯೊಳಕ್ಕೇ ನಡೆದು ಹೋದವು. ಇಲ್ಲಿ ಸಾರಿದ್ದು ನಮ್ಮ ಮಾತು. ಹೊಡೆತ ತಿಂದವನು ಇದ್ದ, ಜಾಗ ಇತ್ತು, ದಿನ ಇತ್ತು, ಜವಾಬ್ದಾರಿ ಹೊತ್ತ ಸಂಘಟನೆ ಇತ್ತು. ಬರೀ ಫೋನಿನಲ್ಲಿ ಕೂಗಿದ್ದರೆ ಎರಡು ದಿನ ಕೂಗಿ ಮರೆಯುತ್ತಿದ್ದೆವು. ಆ ಹಟ್ಟಿಯವರೂ ಬಡವರೇ, ಮುಟ್ಟಾದ ಹೆಣ್ಣುಮಕ್ಕಳನ್ನ ಹೊರಗೆ ಕೂರಿಸೋ ಕಟ್ಟಿಗೆ ಸಿಕ್ಕವರು. ಅವರನ್ನ ಜಾತಿ ಹಿಡಿದು ಬೈಯುವ ಸಂದೇಶ ತಳ್ಳೋದು ಸುಲಭ. ಅವರ ಹತ್ತಿರ ಕೂತು ಮಾತಾಡೋದು ಕಷ್ಟ. ಆ ಕಷ್ಟದ ಕೆಲಸವೇ ಚಳವಳಿ.

ಹಳ್ಳಿಯ ಮೇಷ್ಟ್ರುಗಳಿಗೆ, ಹಾಸ್ಟೆಲಿನ ಗೆಳೆಯರಿಗೆ ನನ್ನದೊಂದು ಬೇಡಿಕೆ. ವಾರಕ್ಕೊಮ್ಮೆ ಹುಡುಗರನ್ನ ಕೂರಿಸಿ, ಫೋನಿಗೆ ಬಂದ ಒಂದು ಸಂದೇಶವನ್ನ ಗಟ್ಟಿಯಾಗಿ ಓದಿಸಿ. ಇದನ್ನ ಬರೆದವರು ಯಾರು, ಯಾವ ದಿನದ್ದು, ಹಿಂದೆಮುಂದೆ ಏನು ಕತ್ತರಿಸಿದ್ದಾರೆ, ಇದನ್ನ ನಂಬಿದರೆ ಲಾಭ ಯಾರಿಗೆ, ಏಟು ಯಾರಿಗೆ ಅಂತ ಕೇಳಿ. ಉತ್ತರ ಸಿಗದ ಮಾತನ್ನ ಮುಂದಕ್ಕೆ ತಳ್ಳೋದು ಬೇಡ.

ತಮಟೆ ಹೊತ್ತ ನಮ್ಮಜ್ಜನಿಗೆ ಇಷ್ಟು ಕೇಳುವ ಹಕ್ಕಿರಲಿಲ್ಲ. ಕೇಳಿದ್ದರೆ ಬೆನ್ನ ಮೇಲೆ ಬಾರುಕೋಲು ಬೀಳುತ್ತಿತ್ತು. ನಮಗೆ ಆ ಹಕ್ಕಿದೆ. ಕೇಳೋಣ.